ಉಪ್ಪಮ್ಮನಿಗೆ ಸಕ್ಕರೆ ಕಾಯಿಲೆ

ಅಕ್ಟೋಬರ್ 3, ಮಂಗಳವಾರ

ಶೆಕೆರ್. ಶೆಕೆರ್. ಶೆಕೆರ್.

ಬರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದು ಹನ್ನೆರಡು ವರ್ಷವಾಯಿತು, ಅತ್ತೆಯ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಗಂಡನ ಕಡೆಯ ಹಿರಿಯರ ಹೆಸರು ಸೊಸೆಯ ನಾಲಿಗೆಯ ಮೇಲೆ ಬರಕೂಡದು. ಒಪ್ಪಿದೆ. ಆದರೆ ಅತ್ತೆಯ ಹೆಸರೇ ಶೆಕೆರ್, ಅಂದರೆ ಸಕ್ಕರೆ ಎಂದಾದರೆ ಸೊಸೆ ಚಹಾ ಮಾಡುವುದು ಹೇಗೆ? ಅಂಗಡಿಗೆ ಹೋಗಿ "ಒಂದು ಕಿಲೋ ಬಿಳೀದು ಕೊಡಿ" ಎನ್ನಬೇಕು. ಮದುವೆಯಾದ ಮೊದಲ ಬೇಸಿಗೆಯಲ್ಲಿ ಹಾಗೆ ಕೇಳಿ, ಅವನು ಕೊಟ್ಟ ಉಪ್ಪನ್ನು ತಂದು ಒಂದು ಬಾಣಲೆ ಜಾಮಿಗೆ ಸುರಿದಿದ್ದೆ. ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಹೆಸರು ತೆಮಿರ್‌ಕುಲ್, ತೆಮಿರ್ ಎಂದರೆ ಕಬ್ಬಿಣ. ಆದ್ದರಿಂದ ಬಸುರಿಯರಿಗೆ ನಾನು ಇವತ್ತಿಗೂ ಕೊಡುವುದು "ಕರೀ ಮಾತ್ರೆ"ಯನ್ನು.

ಬರೆದರೆ ಹೇಳಿದಂತಲ್ಲವಲ್ಲ. ಹಾಗಾಗಿ ಇಲ್ಲಿ ಶೆಕೆರ್ ಎಂದೇ ಬರೆಯುತ್ತೇನೆ, ಅದೂ ಏಕವಚನದಲ್ಲಿ. ಎದುರಿಗೆ, ಎಲ್ಲ ಹಿರಿಯ ಹೆಂಗಸರನ್ನೂ ಕರೆಯುವ ಹಾಗೆ, "ಅಪಾ", ಅಂದರೆ ಅಮ್ಮ, ಎಂದು ಕರೆದು ತಲೆ ತಗ್ಗಿಸುವುದು ಇದ್ದೇ ಇದೆ.

ಇವತ್ತು ಜಿಲ್ಲೆಯಿಂದ ಕೆನ್ಜೆಗುಲ್ ಎಜೆ (ಎಜೆ ಎಂದರೆ ಅಕ್ಕ) ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ದಾಖಲೆಗಳ ಮೇಲ್ವಿಚಾರಣೆ ಅವರದು. ತೋಳಿನಷ್ಟು ಉದ್ದದ ಡಬ್ಬಿಯಿಂದ ಟ್ಯಾಬ್ಲೆಟ್ ಕಂಪ್ಯೂಟರ್ ತೆಗೆದು ಮೇಜಿನ ಮೇಲಿಟ್ಟರು.

"ಇನ್ಮೇಲೆ ಕಾಗದ ಇಲ್ಲ, ಬಾಕ್ತಿಗುಲ್. ನೀನು ಬರೆಯೋದೂ ಬೇಡ. ರೋಗಿ ಹೆಸರು ಬಾಯಲ್ಲಿ ಹೇಳು, ಅದೇ ಬರ್ಕೊಳ್ಳುತ್ತೆ. ಬರ್ಕೊಂಡು ತಿರುಗಿ ಓದಿ ಹೇಳುತ್ತೆ."

"ಬೆರಳಲ್ಲಿ ಬರೆಯೋಕಾಗಲ್ವಾ ಎಜೆ?"

"ಕಾಯಿಲೆ, ಮಾತ್ರೆ ಎಲ್ಲ ಬೆರಳಲ್ಲಿ ಒತ್ತು. ಹೆಸರು ಮಾತ್ರ ದನೀಲೇ. ದಾದಿ ದನಿಯೇ ಬೀಗದ ಕೈ ಇದ್ದ ಹಾಗೆ. ಯಾಕೆ ಹಾಗೆ ಕೆಂಪಾದೆ?"

ಹೇಳಿದೆ. ಎಜೆ ಪಟ್ಟಣದವರು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಊರಲ್ಲಿ ಎಲ್ಲಾ ನಿನ್ನ ಗಂಡನ ಕಡೆಯೋರೇನೇ?"

"ನಾಯಿ, ಬೆಕ್ಕು ಬಿಟ್ಟು."

ಅಕ್ಟೋಬರ್ 5, ಗುರುವಾರ

ಯಂತ್ರಕ್ಕೆ ಬುದ್ಧಿ ಇದ್ದರೆ ನನಗೂ ಇದೆ. "ಹೊಸ ಖಾತೆ" ಎಂದು ನಾನು ಹೇಳಿ, ಟ್ಯಾಬ್ಲೆಟ್ಟನ್ನು ರೋಗಿಯ ಬಾಯಿಯ ಹತ್ತಿರ ಹಿಡಿಯುತ್ತೇನೆ. ಅವರವರ ಹೆಸರನ್ನು ಅವರವರೇ ಹೇಳಿಕೊಳ್ಳಲಿ. ನನ್ನ ದನಿಯೂ ಆಯಿತು, ನನ್ನ ಮಾನವೂ ಉಳಿಯಿತು.

ದೊಡ್ಡ ಟೋಪಿ ಅಜ್ಜ (ನಾನಿಟ್ಟ ಹೆಸರು, ನಿಜದ್ದು ಬಾಯಿಗೆ ನಿಷಿದ್ಧ) ಎದ್ದು ನಿಂತು, ಎದೆ ಉಬ್ಬಿಸಿ, ತನ್ನ ಹೆಸರಿನಿಂದ ಶುರುಮಾಡಿ ಏಳು ತಲೆಮಾರಿನ ಹೆಸರನ್ನೂ ಹೇಳಿದರು. ಯಂತ್ರ ಎಲ್ಲವನ್ನೂ ಬರೆದುಕೊಂಡು, "ಇದು ಒಬ್ಬರ ಹೆಸರೇ?" ಎಂದು ಕೇಳಿತು.

"ಮತ್ತಿನ್ನೇನು ನಿಮ್ಮಪ್ಪನ ಹೆಸರಾ?" ಎಂದರು ಅಜ್ಜ. ಯಂತ್ರ ಅದನ್ನೂ ಬರೆದುಕೊಂಡಿತು.

ತೊಂದರೆ ಇರುವುದು ಅದರ ಗಂಟಲಲ್ಲಿ. ಬರೆದದ್ದನ್ನೆಲ್ಲ ಡಂಗುರ ಹೊಡೆದಂತೆ ಓದುತ್ತದೆ. ಸದ್ದು ತಗ್ಗಿಸಿದರೆ ಮುದುಕರು "ಏನಂತು, ಏನಂತು" ಎಂದು ಪೀಡಿಸುತ್ತಾರೆ. ಅಂತೂ ಉಮ್ಸುನಾಯ್‌ಗೆ ಹಬ್ಬ. ಈಕೆ ಶೆಕೆರ್‌ಳ ಓರಗಿತ್ತಿ, ಮೇಲ್ಮನೆಯವಳು. ಒಂದು ಕಾಯಿಲೆಯೂ ಇಲ್ಲದಿದ್ದರೂ ಬೆಳಿಗ್ಗೆಯಿಂದ ಹೀಟರ್ ಪಕ್ಕದ ಬೆಂಚಿನ ಮೇಲೆ ತಳವೂರಿದ್ದಳು. ಯಾರ ಮೂಲವ್ಯಾಧಿ ಎಲ್ಲಿಗೆ ಬಂದಿದೆ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಅಕ್ಟೋಬರ್ 9, ಸೋಮವಾರ

ಊರೆಲ್ಲ ಯಂತ್ರದೊಳಗೆ ಹೊಕ್ಕಾಯಿತು. ಶೆಕೆರ್ ಒಬ್ಬಳು ಬಿಟ್ಟು.

"ಆ ಹಲಗೆ ಮುಂದೆ ನಿಂತ್ಕೊಂಡು ಒದರೋಕೆ ನಂಗೇನು ಬಂದಿದೆ? ಗುಂಡುಕಲ್ಲಿನ ಹಾಗಿದೀನಿ," ಎಂದಳು.

ಗುಂಡುಕಲ್ಲು ಸವೆಯುತ್ತಿದೆ. ಬೆಳ್ಳಿ ಉಂಗುರ ಜಾರುತ್ತದೆಂದು ಅದಕ್ಕೆ ದಾರ ಸುತ್ತಿಕೊಂಡಿದ್ದಾಳೆ. ನಾನು ಒಂದು ಬಟ್ಟಲು ಚಹಾ ಮುಗಿಸುವಷ್ಟರಲ್ಲಿ ಅವಳು ಹೂಜಿಯನ್ನೇ ಖಾಲಿ ಮಾಡುತ್ತಾಳೆ. ಆಮೇಲೆ ಅಂಗಳದ ಮೂಲೆಯ ಪಾಯಿಖಾನೆಗೆ ಹೋಗಿದ್ದೇ ಹೋಗಿದ್ದು. ನಾನು ದಾದಿ, ಕಣ್ಣಿಗೆ ಪೊರೆ ಬಂದಿಲ್ಲ.

ಒಳಗೊಳಗೇ ಖುಷಿಯಾಯಿತೆಂದು ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ? ಪಟ್ಟಣದ ಡಾಕ್ಟರರು ಏನೇ ದೊಡ್ಡ ಹೆಸರಿಟ್ಟಿರಲಿ, ನಮ್ಮ ಹಳ್ಳಿಯಲ್ಲಿ ಆ ಕಾಯಿಲೆಗೂ ಶೆಕೆರ್ ಎಂದೇ ಹೆಸರು. ಅವಳಿಗೆ ಅದೇ ಬಂದಿದ್ದರೆ ಸರ್ಕಾರದ ಕೆಲಸದ ನೆಪದಲ್ಲಿ, ಊರಿನ ಎದುರಿಗೆ, ಬಾಯಿ ತುಂಬ ಹೇಳಬಹುದು: ಶೆಕೆರ್‌ಗೆ ಶೆಕೆರ್! ಯಾವ ಹಿರಿಯನೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಇವತ್ತು ದನದ ಕೊಟ್ಟಿಗೆಯಲ್ಲಿ ಹಸುವಿನ ಕಿವಿಗೆ ಹೇಳಿ ನೋಡಿದೆ. ನಾಲಿಗೆಗೆ ಹಿತವಾಗಿತ್ತು.

ಅಕ್ಟೋಬರ್ 14, ಶನಿವಾರ

ಗೆದ್ದೆ.

ಮೂರು ದಿನದಿಂದ ಶೆಕೆರ್ ಕಿಟಕಿಯ ಪಕ್ಕ ಕುಳಿತು ನಾದಿನಿಯ ಮದುವೆಗೆ ಕೌದಿ ಹೊಲಿಯುತ್ತಿದ್ದಾಳೆ. ಮೂರು ದಿನದಿಂದ ನಾನು ಏಪ್ರನ್ ಜೇಬಿನಲ್ಲಿ ರಕ್ತ ಪರೀಕ್ಷೆಯ ಪಟ್ಟಿ ಇಟ್ಟುಕೊಂಡು ಬೆಕ್ಕಿನ ಹಾಗೆ ಕಾಯುತ್ತಿದ್ದೇನೆ. ಇವತ್ತು ಸೂಜಿ ಚುಚ್ಚಿಯೇ ಬಿಟ್ಟಿತು.

"ಅಯ್ಯೋ ಅಪಾ, ರಕ್ತ! ಇಲ್ಲಿ ಕೊಡಿ, ಒರೆಸ್ತೀನಿ."

"ಬಿಡೇ, ಒಂದು ಹನಿ ರಕ್ತಕ್ಕೆ ಯಾಕಿಷ್ಟು ಬಡ್ಕೋತೀಯಾ?"

ಒರೆಸಿದೆ. ಒರೆಸಿದ್ದು ಯಾವುದರಲ್ಲಿ ಎಂದು ಅವಳು ನೋಡಲಿಲ್ಲ. ಕೊಟ್ಟಿಗೆಯ ಹಿಂದಕ್ಕೆ ಓಡಿ ಪಟ್ಟಿಯನ್ನು ಮೀಟರಿಗೆ ಸಿಕ್ಕಿಸಿದೆ. ಹದಿನೇಳು. ನಮ್ಮ ಮೀಟರಿನ ಲೆಕ್ಕದಲ್ಲಿ ಏಳರ ಮೇಲೆ ಹೋದರೇ ನಾವು ಹುಬ್ಬು ಗಂಟಿಕ್ಕುತ್ತೇವೆ.

ಸಂಜೆ ಮನೆಯಲ್ಲಿ ಬಿಸಿ ಬೋರ್ಸೋಕ್, ಹಿಟ್ಟಿನ ಪುಟ್ಟ ಉಂಡೆಗಳು, ಕರಿದಿದ್ದರು, ಯಾಕೋ ತಿನ್ನಲು ಮನಸ್ಸಾಗಲಿಲ್ಲ. ಎಣ್ಣೆ ಹಳೆಯದಿರಬೇಕು.

ಅಕ್ಟೋಬರ್ 15, ಭಾನುವಾರ

ಹೇಳಿದೆ. ದೊಡ್ಡ ರಂಪವಾಯಿತು.

"ನನ್ನನ್ನ ಕೇಳ್ದೆ ನನ್ನ ರಕ್ತ ಕದ್ಯಾ?"

"ಕದೀಲಿಲ್ಲ ಅಪಾ, ಒರೆಸಿದೆ."

"ನಾಲಿಗೆ ನೋಡು! ಹದಿನೇಳು ಅಂದ್ರೆ ಎಷ್ಟು?"

"ಇರಬೇಕಾದ್ದು ಐದಾರು, ಇದು ಅದರ ಮೂರು ಪಾಲು. ಹೀಗೇ ಬಿಟ್ರೆ ಕಣ್ಣು ಹೋಗುತ್ತೆ, ಕಾಲು ಹೋಗುತ್ತೆ. ನಾಳೆ ಬನ್ನಿ, ಹೆಸರು ಹೇಳಿ, ಮಾತ್ರೆ ತಗೊಳ್ಳಿ."

ಶೆಕೆರ್ ಕೌದಿಯನ್ನು ಪಕ್ಕಕ್ಕೆ ನೂಕಿದಳು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿ ಕಾದರೆ, ಅವಳ ದನಿಯೇ ಬೇರೆಯಾಗಿತ್ತು.

"ನಾನು ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಆ ಉಮ್ಸುನಾಯ್ ನನ್ನ ಹೆಸರು ಹಿಡ್ಕೊಂಡು ಆಡ್ತಾ ಇದಾಳೆ. 'ಹೆಸರು ಸಕ್ಕರೆ, ಕೈರುಚಿ ಬೇವು' ಅಂತ ನನ್ನ ಮದುವೇಲೇ ಹಾಡು ಕಟ್ಟಿದ್ಲು. ಇನ್ನು ಸಕ್ಕರೆಗೇ ಸಕ್ಕರೆ ಬಂತು ಅಂತ ನಿನ್ನ ಡಬ್ಬಿ ಅವಳ ಎದುರಿಗೆ ಒದರಿದ್ರೆ, ನನ್ನ ಮಗಳ ಮದುವೇಲಿ ಊರೆಲ್ಲ ಅದನ್ನೇ ಹಾಡುತ್ತೆ. ನಾನು ಬರಲ್ಲ. ನನ್ನ ಹೆಸರು ಅದರೊಳಗೆ ಹೋದ್ರೆ ಒಂದು ಮಾತ್ರೇನೂ ಮುಟ್ಟಲ್ಲ. ಸತ್ರೂ ಸರಿ."

ಸಾಯುವವಳೇ. ಅವಳ ಹಟ ನನಗೆ ಗೊತ್ತು. ಖಾತೆ ತೆರೆಯದೆ ಜಿಲ್ಲೆಯವರು ಮಾತ್ರೆ ಕೊಡುವುದಿಲ್ಲ, ಖಾತೆ ತೆರೆದರೆ ಇವಳು ನುಂಗುವುದಿಲ್ಲ. ನನ್ನ ಗಂಡ ಮೆದೆರ್ ವ್ಯಾನ್ ಓಡಿಸುವುದೊಂದು ಬಿಟ್ಟು ಯಾವುದಕ್ಕೂ ತಲೆ ಹಾಕುವವನಲ್ಲ. "ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ" ಎಂದು ಟೈರಿಗೆ ಗಾಳಿ ಹಾಕಲು ಹೋದ.

ಅಕ್ಟೋಬರ್ 16, ಸೋಮವಾರ

ಇವತ್ತು ಊರಿನಲ್ಲಿ ಎಪ್ಪತ್ತೊಂದು ವರ್ಷದ ಒಬ್ಬ ಹೆಂಗಸು ಹುಟ್ಟಿದಳು.

ಬಾಗಿಲು ಹಾಕಿಕೊಂಡು ಟ್ಯಾಬ್ಲೆಟ್ ಎದುರು ಕುಳಿತೆ. "ಹೊಸ ಖಾತೆ" ಎಂದೆ. "ಹೆಸರು ಹೇಳಿ" ಎಂದಿತು. ಸಕ್ಕರೆ ಎನ್ನುವಂತಿಲ್ಲ. ಸಿಹಿ ಎಂಬರ್ಥದ ಯಾವುದನ್ನು ಹೇಳಿದರೂ ಉಮ್ಸುನಾಯ್ ಮೂಗಿಗೆ ವಾಸನೆ ಬಡಿಯುತ್ತದೆ. ನಿನ್ನೆಯ ರಂಪ ಬೇರೆ ಕಿವಿಯಲ್ಲಿತ್ತು. "ತುಜ್‌ಬೂಬೂ" ಎಂದುಬಿಟ್ಟೆ. ತುಜ್ ಎಂದರೆ ಉಪ್ಪು. ಉಪ್ಪಮ್ಮ! ಗುರುತಿನ ಸಂಖ್ಯೆ ಕೇಳಿದ್ದಕ್ಕೆ "ಆಮೇಲೆ" ಎಂಬುದನ್ನು ಒತ್ತಿದೆ. ಕಾಯಿಲೆಯನ್ನು ಬೆರಳಿನಿಂದ ಆರಿಸಿದೆ.

"ತುಜ್‌ಬೂಬೂ, ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ. ಉಳಿಸಲಾಗಿದೆ," ಎಂದು ಯಂತ್ರ ಕಿರುಚಿತು. ಉಪ್ಪಿಗೆ ಸಕ್ಕರೆ ಬಂದದ್ದು ಅದಕ್ಕೆ ವಿಚಿತ್ರವೆನಿಸಲಿಲ್ಲ.

ಹೊರಗೆ ಬೆಂಚಿನ ಮೇಲೆ ಉಮ್ಸುನಾಯ್. "ಯಾರೇ ಅದು ತುಜ್‌ಬೂಬೂ?"

"ಮೇಲಿನ ಹುಲ್ಲುಗಾವಲಿನ ಕುರಿಗಾರರ ಕಡೆಯೋರು, ಅಪಾ."

"ಪಾಪ," ಎಂದಳು. ಇಡೀ ದಿನ ಅವಳಿಗೆ ಅದೇ ಯೋಚನೆ.

ಅಕ್ಟೋಬರ್ 24, ಮಂಗಳವಾರ

ಅತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹೆಸರು ಒಳಗೆ ಹೋಗಿಲ್ಲವೆಂದು ನಾನು ಬ್ರೆಡ್ಡಿನ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆ ಒಪ್ಪಿದರು. ಆದರೆ ಇವತ್ತು ಗುಟ್ಟು ರಟ್ಟಾಯಿತು. ಟ್ಯಾಬ್ಲೆಟ್ಟನ್ನು ಚಾರ್ಜಿಗೆಂದು ಮನೆಗೆ ತಂದಿದ್ದೆ. ಅದು ಅಡುಗೆಮನೆಯಲ್ಲಿ ತಾನಾಗಿ ಎಚ್ಚರಗೊಂಡು, "ತುಜ್‌ಬೂಬೂ, ಎಪ್ಪತ್ತೊಂದು ವರ್ಷ, ಮಾತ್ರೆಯ ಹೊತ್ತಾಯಿತು!" ಎಂದು ಕೂಗಿತು. ಅತ್ತೆಯ ಕೈಯಲ್ಲಿ ಮಾತ್ರೆ ಇತ್ತು.

ಮಾತ್ರೆ ನೋಡಿದರು. ಯಂತ್ರ ನೋಡಿದರು. ನನ್ನನ್ನು ನೋಡಿದರು.

"ನಾನು ಉಪ್ಪಾ?"

ನಾನು ಚಹಾ ಬಟ್ಟಲು ತೊಳೆಯುವುದರಲ್ಲಿ ಮುಳುಗಿಹೋದೆ. ತೊಳೆದದ್ದನ್ನೇ ತೊಳೆದೆ.

"ಹೂಂ. ಇರ್ಲಿ ಬಿಡು," ಎಂದರು ಅತ್ತೆ ನಿಧಾನವಾಗಿ. "ಉಪ್ಪಿಗಿಂತ ರುಚಿ ಬೇರೆ ಇಲ್ಲ ಅಂತ ಹಿರಿಯರು ಹೇಳಿಲ್ವಾ? ಗಾದೆ ಇನ್ನರ್ಧ ಇದೆ, ಅದು ನಿಂಗೆ ಬೇಡ." ಮಾತ್ರೆ ಬಾಯಿಗೆ ಹಾಕಿಕೊಂಡು ಗಟಗಟನೆ ನೀರು ಕುಡಿದರು. ಆಮೇಲೆ ಭುಜ ಕುಣಿಯುವುದು ಕಂಡಿತು. ನಗುತ್ತಿದ್ದರು! ಅವರಿಗೆ ನಗಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನವೆಂಬರ್ 2, ಗುರುವಾರ

ನಮ್ಮ ತುಜ್‌ಬೂಬೂ ನನಗೆ ಮೋಸ ಮಾಡಿದ್ದಾರೆ.

ಎಡಗಾಲಿನ ಬೂಟು ಕಚ್ಚಿ ಹೆಬ್ಬೆರಳ ಪಕ್ಕ ಹುಣ್ಣಾಗಿದೆ. ಆಗಿ ಹದಿನೈದು ದಿನಕ್ಕಿಂತ ಹೆಚ್ಚೇ ಆಗಿರಬೇಕು. ಕಾಲುಚೀಲದ ಮೇಲೆ ಕಾಲುಚೀಲ ಹಾಕಿಕೊಂಡು ಮುಚ್ಚಿಟ್ಟಿದ್ದರು. ಇವತ್ತು ವಾಸನೆ ಬಂತು. ಹಿಡಿದು ಕೂರಿಸಿ, ಬಿಚ್ಚಿ ನೋಡಿದೆ. ಸುತ್ತ ಕಪ್ಪಾಗಿದೆ.

ಬೈದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಜೋರಾಗಿ ಬೈದೆ. "ಏನು ನೀವು ಚಿಕ್ಕ ಮಗುವಾ? ನಾನು ಸತ್ತುಹೋಗಿದ್ನಾ? ಒಂದು ಮಾತು ಹೇಳೋಕೆ ಏನಾಗಿತ್ತು?" ಎಂದೆ. ಅಪಾ ಇನ್ನೊಂದು ಕಾಲಿನ ಚೀಲವನ್ನು ತಾವೇ ಬಿಚ್ಚಿ ತೋರಿಸಿದರು. ತೊಳೆದು ಕಟ್ಟು ಹಾಕುವಾಗ ಹುಣ್ಣಿನ ಕಾಲು ನನ್ನ ಮಡಿಲಲ್ಲಿತ್ತು. ಕೊಕ್ಕರೆಯ ಕಾಲಿನಷ್ಟು ಹಗುರ.

"ನಿನ್ನ ಕೈ ಬೆಚ್ಚಗಿದೆ," ಎಂದರು.

ಜಿಲ್ಲಾ ಆಸ್ಪತ್ರೆಯಲ್ಲಿ ಕಾಲಿನ ಡಾಕ್ಟರಿಗೆ ತೋರಿಸಲೇಬೇಕು. ಯಂತ್ರದ ಮೂಲಕ ಚೀಟಿ ಕಳಿಸಿದ್ದೇನೆ.

ನವೆಂಬರ್ 7, ಮಂಗಳವಾರ

ಚೀಟಿ ತಿರಸ್ಕೃತ. ಮಾತ್ರೆಯೂ ಬಂದ್. ಕೆನ್ಜೆಗುಲ್ ಎಜೆ ಫೋನ್ ಮಾಡಿದರು.

"ಬಾಕ್ತಿಗುಲ್, ಈ ತುಜ್‌ಬೂಬೂ ಅನ್ನೋ ಹೆಂಗಸು ದೇಶದಲ್ಲೇ ಇಲ್ಲ. ಹುಟ್ಟಿಲ್ಲ, ಮದುವೆ ಆಗಿಲ್ಲ, ಪಿಂಚಣಿ ತಗೊಂಡಿಲ್ಲ. ಇಲ್ಲದೋರಿಗೆ ಮಾತ್ರೆ ಬರೀತಿದೀಯಾ? ಮೇಲಿನೋರು ನಿನ್ನನ್ನ ಕಳ್ಳಿ ಅಂತಿದಾರೆ."

"ಇದಾರೆ ಎಜೆ. ಬೇಕಾದ್ದಕ್ಕಿಂತ ಹೆಚ್ಚೇ ಇದಾರೆ."

"ಹಾಗಾದ್ರೆ ಶುಕ್ರವಾರ ಬರ್ತೀನಿ, ತೋರ್ಸು. ನಿನ್ನ ದನೀಲಿ ತೆರೆದ ಖಾತೆ, ನಿನ್ನ ದನೀಲೇ ತಿದ್ದಬೇಕು. ಅಷ್ಟಾದ್ರೆ ಕಾಲಿನ ಡಾಕ್ಟರ ಹತ್ರ ಸೋಮವಾರವೇ ಜಾಗ ಕೊಡಿಸ್ತೀನಿ. ಇಲ್ಲಾಂದ್ರೆ ಹೊಸ ವರ್ಷದ ಮೇಲೆ."

ಹೊಸ ವರ್ಷದವರೆಗೆ ಆ ಕಾಲು ಕಾಯುವುದಿಲ್ಲ.

ನವೆಂಬರ್ 8, ಬುಧವಾರ

ಅಪಾಗೆ ಎಲ್ಲವನ್ನೂ ಹೇಳಿದೆ. ಅವರು ಕೌದಿ ಹೊಲಿಯುತ್ತಲೇ ಇದ್ದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ಹೆದರಿಕೆಯಾಗುತ್ತಿದೆ.

ನವೆಂಬರ್ 10, ಶುಕ್ರವಾರ

ಶುಕ್ರವಾರ ರಕ್ತದೊತ್ತಡ ನೋಡುವ ದಿನವೆಂಬುದು ಎಜೆಗೆ ಹೇಗೆ ಗೊತ್ತಿರಬೇಕು? ಊರಿನ ಮುದುಕರೆಲ್ಲ ಕೇಂದ್ರದಲ್ಲಿ ಜಮಾಯಿಸಿದ್ದರು. ಮೊದಲ ಬೆಂಚಿನಲ್ಲಿ ಉಮ್ಸುನಾಯ್, ಸೂರ್ಯಕಾಂತಿ ಬೀಜ ತಿನ್ನುತ್ತ.

"ತೋರ್ಸು, ನಿನ್ನ ತುಜ್‌ಬೂಬೂನ," ಎಂದರು ಎಜೆ.

ಕುರಿಗಾರರು ಚಳಿಗೆ ಕೆಳಗಿಳಿದು ಹೋದರು ಎಂದು ಸುಳ್ಳು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಪಾ. ಮದುವೆ ಮನೆಗೆ ಹೋಗುವಾಗ ತೊಡುವ ವೆಲ್ವೆಟ್ ಅಂಗಿ, ಬಿಳಿ ತಲೆವಸ್ತ್ರ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ನಾನು ಹಾಕಿದ ಕಟ್ಟು.

"ತುಜ್‌ಬೂಬೂ ನಾನೇ," ಎಂದರು.

ಉಮ್ಸುನಾಯ್ ಬಾಯಿಂದ ಬೀಜದ ಸಿಪ್ಪೆ ಬಿತ್ತು. ಒಂದು ಕ್ಷಣ ಲೆಕ್ಕ ಹಾಕಿದಳು. ಆಮೇಲೆ ತೊಡೆ ತಟ್ಟಿಕೊಂಡಳು.

"ಅಯ್ಯಯ್ಯೋ! ಶೆಕೆರ್‌ಗೆ ಶೆಕೆರ್ ಬಂತಾ? ಸಕ್ಕರೆಗೇ ಸಕ್ಕರೆ ಕಾಯಿಲೆಯಾ?"

ಇಡೀ ಕೋಣೆ ನಕ್ಕಿತು. ದೊಡ್ಡ ಟೋಪಿ ಅಜ್ಜ ನಕ್ಕು ನಕ್ಕು ಕೆಮ್ಮಿದರು. ನಾನು ಅಪಾ ಮುಖ ನೋಡಲಾರದೆ ಗೋಡೆ ನೋಡಿದೆ. ಮೈ ಉರಿದುಹೋಯಿತು. ರಕ್ತದೊತ್ತಡದ ಪಟ್ಟಿಯನ್ನು ಉಮ್ಸುನಾಯ್ ಕತ್ತಿಗೆ ಸುತ್ತೋಣ ಎನ್ನಿಸಿತು.

"ಹೌದು ಕಣೇ," ಎಂದರು ಅಪಾ. "ನನ್ನೊಳಗೆ ಸಕ್ಕರೆ ಇತ್ತು, ಹೊರಗೆ ಬಂತು. ನಿನ್ನೊಳಗೆ ಇರೋದು ಹೊರಗೆ ಬಂದ್ರೆ ಊರೋರೆಲ್ಲ ಗಂಟುಮೂಟೆ ಕಟ್ಬೇಕಾಗುತ್ತೆ."

ಈ ಸಲದ ನಗು ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಉಮ್ಸುನಾಯ್ ಕೂಡ ತಡೆಯಲಾರದೆ ನಕ್ಕುಬಿಟ್ಟಳು.

ಎಜೆ ಅಪಾ ಕೈಯಿಂದ ಗುರುತಿನ ಚೀಟಿ ಈಸಿಕೊಂಡು ಸಂಖ್ಯೆ ಒತ್ತಿದರು, ಟ್ಯಾಬ್ಲೆಟ್ಟನ್ನು ನನ್ನ ಮುಂದೆ ಹಿಡಿದರು. "ಹೇಳು. ಸರಿಯಾದ ಹೆಸರು. ಒಂದೇ ಒಂದು ಪದ."

ನಾನು ಅಪಾ ಕಡೆ ನೋಡಿದೆ.

"ಹೇಳೇ. ಎಲ್ಲರ ಎದುರಿಗೆ ಒಪ್ಪಿಗೆ ಕೊಡ್ತಿದೀನಿ. ಕೊಟ್ಟಿಗೇಲಿ ಹಸು ಹತ್ರ ಹೇಳೋದು ಕೇಳಿಸ್ಕೊಂಡಿದೀನಿ, ಚೆನ್ನಾಗೇ ಹೇಳ್ತೀಯಾ."

ಬಾಯಿ ತೆರೆದೆ. ಊರೆಲ್ಲ ಕೇಳುತ್ತಿತ್ತು. ಹಿರಿಯರ ಒಪ್ಪಿಗೆಯಿತ್ತು, ಸರ್ಕಾರದ ಅಪ್ಪಣೆಯಿತ್ತು. ನಾಲಿಗೆ ಏಳಲಿಲ್ಲ.

"ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ," ಎಂದಿತು ಯಂತ್ರ.

ಮತ್ತೊಮ್ಮೆ ತೆರೆದೆ. ಅಪಾ ಕೋಲಿನ ಮೇಲೆ ಭಾರ ಬಿಟ್ಟು ಒಂಟಿಗಾಲಲ್ಲಿ ನಿಂತಿದ್ದರು. ಕಟ್ಟಿನ ಬಟ್ಟೆಯಲ್ಲಿ ಒಂದಿಷ್ಟು ಕೆಂಪು ಜಿನುಗುತ್ತಿತ್ತು.

"ಅಪಾ..." ಎಂದೆ, ಕೂತ್ಕೊಳ್ಳಿ ಎನ್ನುವುದಕ್ಕೆಂದು.

"ಅಪಾ. ಎಪ್ಪತ್ತೊಂದು ವರ್ಷ. ಹೆಸರು ಉಳಿಸಲಾಗಿದೆ," ಎಂದು ಯಂತ್ರ ಕಿರುಚಿತು.

ಎಜೆ ಹಣೆ ಚಚ್ಚಿಕೊಂಡರು. ಆಮೇಲೆ ಪರದೆ ನೋಡಿ, "ಸಂಖ್ಯೆ ಹೊಂದಿದೆ. ಹೆಸರು ಏನಾದ್ರೂ ಹಾಳಾಗ್ಲಿ, ಸೋಮವಾರಕ್ಕೆ ಜಾಗ ಸಿಕ್ತು," ಎಂದರು.

ಎರಡು ದಿನದಿಂದ ಶೀತ, ಗಂಟಲು ಕಟ್ಟಿತ್ತು. ಅದಕ್ಕೇ ದನಿ ಹೊರಡಲಿಲ್ಲ. ಬೇರೇನೂ ಅಲ್ಲ.

ನವೆಂಬರ್ 13, ಸೋಮವಾರ

ಮೆದೆರ್ ವ್ಯಾನಿನಲ್ಲಿ ಹೋದೆವು. ಜಿಲ್ಲಾ ಆಸ್ಪತ್ರೆಯ ಪಡಸಾಲೆಯ ಉದ್ದಕ್ಕೂ ಬೆಂಚುಗಳು. ಬೆಂಚಿನ ತುಂಬ ಬಿಳಿ ತಲೆವಸ್ತ್ರದ ಮುದುಕಿಯರು. ಒಳಗಿನಿಂದ ಧ್ವನಿವರ್ಧಕ ಕೂಗಿತು: "ಅಪಾ! ಅಪಾ, ನಾಲ್ಕನೇ ಕೋಣೆಗೆ ಬನ್ನಿ!"

ಸಾಲಿಗೆ ಸಾಲೇ ಎದ್ದು ನಿಂತಿತು. ಒಬ್ಬಾಕೆ ನಿದ್ದೆಯಿಂದ ಎದ್ದು "ಏನಪ್ಪಾ ಮಗನೇ?" ಎಂದಳು. ಕೈಚೀಲ, ಕೋಲು, ತಿಂಡಿಯ ಗಂಟು ಎತ್ತಿಕೊಂಡು ಎಲ್ಲರೂ ನಾಲ್ಕನೇ ಕೋಣೆಯತ್ತ ಹೊರಟರು.

ನಮ್ಮ ಅಪಾ ಕೋಲನ್ನು ನೆಲಕ್ಕೆ ಕುಟ್ಟಿದರು. "ಕೂತ್ಕೊಳ್ರೇ ಎಲ್ಲಾ! ನೀವು ಮನೇಲಿ ಅಪಾ. ನಾನು ಸರ್ಕಾರದ ಲೆಕ್ಕದಲ್ಲೇ ಅಪಾ. ನಮ್ಮ ಸೊಸೆ ಇಟ್ಟ ಹೆಸರು." ಎಂದು ಹೇಳಿ, ನನ್ನ ತೋಳು ಹಿಡಿದುಕೊಂಡು ನಡುವಿನಿಂದ ನಡೆದರು. ಪಡಸಾಲೆ ಮುಗಿಯುವವರೆಗೂ ಬಿಡಲಿಲ್ಲ.

ಕಾಲು ಉಳಿಯುತ್ತದೆ, ಬೆರಳೂ ಉಳಿಯುತ್ತದೆ ಎಂದರು ಡಾಕ್ಟರು. ಇನ್ನು ಸ್ವಲ್ಪ ತಡವಾಗಿದ್ದರೆ ಆಗುತ್ತಿರಲಿಲ್ಲವಂತೆ. ನಾನು ಹೊರಗೆ ಬಂದು ಕಿಟಕಿಯ ಹತ್ತಿರ ಅತ್ತುಬಿಟ್ಟೆ. ಯಾಕೆ ಅಳು ಬಂತೋ, ಒಳ್ಳೆಯ ಸುದ್ದಿಯೇ ತಾನೇ.

ಅಪಾ ಆಸ್ಪತ್ರೆಯ ಮಂಚದ ಮೇಲೆ ಒರಗಿದ್ದಾಗ ಕೆನ್ಜೆಗುಲ್ ಎಜೆ ಫೋನ್ ಮಾಡಿದರು. "ಬಾಕ್ತಿಗುಲ್, ಆಸ್ಪತ್ರೆಯೋರು ನನ್ನನ್ನ ಬೈತಿದಾರೆ. ಇಂಥ ಹೆಸರು ಇಟ್ಕೊಂಡ್ರೆ ಕೆಲಸ ನಡೆಯುತ್ತಾ? ಈಗ ಫೋನಲ್ಲೇ ಹೇಳು, ತಿದ್ದಿಬಿಡೋಣ."

"ಗಂಟಲು ಇನ್ನೂ ಸರಿ ಹೋಗಿಲ್ಲ ಎಜೆ," ಎಂದೆ.

ಅಪಾ ದಿಂಬಿನಿಂದ ತಲೆ ಎತ್ತಿ, ಕೆಮ್ಮು, ಕೆಮ್ಮು ಎಂದು ಕಣ್ಣಲ್ಲೇ ಹೇಳಿದರು. ಕೆಮ್ಮಿದೆ.